ಶಾಲಾ ಮಕ್ಕಳಿಗೆ ಸೋಂಕು ರೋಗಗಳ ಪಾಠ: ಹೆಸರಿಗಿಂತ ಹರಡುವ ದಾರಿ ಮುಖ್ಯ

ತರಗತಿಯಲ್ಲಿ ಒಂದು ಮಗುವಿನ ಕೆನ್ನೆ ಊದಿಕೊಂಡರೆ ಅಥವಾ ಮೈಮೇಲೆ ಗುಳ್ಳೆಗಳೆದ್ದರೆ ಎರಡು ಬಗೆಯ ಪ್ರತಿಕ್ರಿಯೆಗಳು ಕಂಡುಬರುತ್ತವೆ. ಕೆಲವು ಪೋಷಕರು 'ಇದೆಲ್ಲ ಮಕ್ಕಳಿಗೆ ಬಂದು ಹೋಗುವಂಥದ್ದು' ಎಂದು ಮರುದಿನವೂ ಶಾಲೆಗೆ ಕಳುಹಿಸುತ್ತಾರೆ. ಇನ್ನು ಕೆಲವರು, ಆ ಮಗು ಪೂರ್ಣ ಗುಣವಾಗಿ ಮರಳಿದ ಮೇಲೂ ಅದರ ಪಕ್ಕದಲ್ಲಿ ತಮ್ಮ ಮಗುವನ್ನು ಕೂರಿಸಲು ಒಪ್ಪುವುದಿಲ್ಲ. ಮೊದಲನೆಯದರಿಂದ ರೋಗ ಹರಡುತ್ತದೆ. ಎರಡನೆಯದರಿಂದ, ಯಾವ ತಪ್ಪೂ ಮಾಡದ ಮಗು ತರಗತಿಯಲ್ಲಿ ಒಂಟಿಯಾಗುತ್ತದೆ.

ಈ ಎರಡೂ ತಪ್ಪುಗಳಿಗೆ ಕಾರಣ ಒಂದೇ. ರೋಗ ಯಾವ ದಾರಿಯಲ್ಲಿ ಹರಡುತ್ತದೆ, ಎಷ್ಟು ದಿನ ಹರಡುತ್ತದೆ ಎಂಬ ಎರಡು ಸಂಗತಿಗಳು ತಿಳಿಯದಿರುವುದು. ರೋಗಗಳ ಹೆಸರು ಮತ್ತು ಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಎರಡನ್ನು ಅರ್ಥ ಮಾಡಿಸುವುದು ಹೆಚ್ಚು ಉಪಯುಕ್ತ. ಮೂರನೇ ತರಗತಿಯ ಮಗುವಿಗೂ ಇದನ್ನು ಕಲಿಸಬಹುದು.

ವೈರಸ್ ಎಂದರೇನು?

ವೈರಸ್ ಬರಿಗಣ್ಣಿಗೆ ಕಾಣುವುದಿಲ್ಲ ಎಂದಷ್ಟೇ ಹೇಳಿದರೆ ಮಕ್ಕಳಿಗೆ ಅದರ ಗಾತ್ರದ ಕಲ್ಪನೆ ಬಾರದು. ಅಳತೆಪಟ್ಟಿಯಲ್ಲಿ ಒಂದು ಮಿಲಿಮೀಟರ್ ತೋರಿಸಿ, ಅಷ್ಟು ಜಾಗದಲ್ಲಿ ಸುಮಾರು 10,000 ಕೊರೊನಾ ವೈರಸ್‌ಗಳನ್ನು ಸಾಲಾಗಿ ಜೋಡಿಸಬಹುದು ಎಂದರೆ ಥಟ್ಟನೆ ಅರ್ಥವಾಗುತ್ತದೆ. ವೈರಸ್ ತಾನಾಗಿಯೇ ಬೆಳೆಯಲಾರದು. ಮನುಷ್ಯನ ಅಥವಾ ಬೇರೆ ಜೀವಿಯ ಜೀವಕೋಶದೊಳಗೆ ಸೇರಿದಾಗ ಮಾತ್ರ ಅದರ ಸಂಖ್ಯೆ ವೃದ್ಧಿಸುತ್ತದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆ್ಯಂಟಿಬಯೋಟಿಕ್ ಮಾತ್ರೆಗಳು ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ನೆಗಡಿಗೂ ಆ್ಯಂಟಿಬಯೋಟಿಕ್ ಬರೆದುಕೊಡುವಂತೆ ಒತ್ತಾಯಿಸುವ ಪೋಷಕರಿಗೂ ಈ ಪಾಠ ಅಗತ್ಯ.

ಹೆಸರು ತರುವ ಗೊಂದಲ

ಕನ್ನಡದಲ್ಲಿ ಪಾಠ ಮಾಡುವ ಶಿಕ್ಷಕರು ಮೊದಲು ಬಿಡಿಸಬೇಕಾದ ಗಂಟು ರೋಗಗಳ ಹೆಸರುಗಳದ್ದು. ಕೆನ್ನೆಯ ಕೆಳಭಾಗದ ಗ್ರಂಥಿಗಳು ಊದಿಕೊಳ್ಳುವ ಮಂಗನಬಾವಿಗೂ ಮಲೆನಾಡಿನ ಮಂಗನ ಕಾಯಿಲೆಗೂ ಯಾವ ಸಂಬಂಧವೂ ಇಲ್ಲ. ಮಂಗನಬಾವು ಮಕ್ಕಳಿಂದ ಮಕ್ಕಳಿಗೆ ಹರಡುತ್ತದೆ. ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಅದು ಮುಖ್ಯವಾಗಿ ಹರಡುವುದು ಉಣುಗು ಕಚ್ಚುವುದರಿಂದ; ಪಕ್ಕದಲ್ಲಿ ಕುಳಿತ ಸಹಪಾಠಿಯಿಂದಲ್ಲ.

ಮಕ್ಕಳಲ್ಲಿ ಕಾಣುವ ಕೈ-ಕಾಲು-ಬಾಯಿ ರೋಗವೂ ದನಕರುಗಳಿಗೆ ಬರುವ ಕಾಲುಬಾಯಿ ಜ್ವರವೂ ಬೇರೆ ಬೇರೆ ವೈರಸ್‌ಗಳಿಂದ ಬರುವಂಥವು. ಚಿಕನ್‌ಪಾಕ್ಸ್ ಅನ್ನು ಹಲವೆಡೆ 'ಸಿಡುಬು' ಎಂದೇ ಕರೆಯುತ್ತಾರೆ. ಆದರೆ ನಿಜವಾದ ಸಿಡುಬು ಇಂದು ಜಗತ್ತಿನಲ್ಲಿಲ್ಲ. ಅದು ನಿರ್ಮೂಲನಗೊಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು.

ಚಿಕನ್‌ಪಾಕ್ಸ್ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವ, 'ಅಮ್ಮ ಬಂದಿದ್ದಾಳೆ' ಎಂದು ಹೇಳುವ ರೂಢಿ ಇದೆ. ಇದನ್ನು ತರಗತಿಯಲ್ಲಿ ಹೀಗಳೆಯುವ ಅಗತ್ಯವಿಲ್ಲ. ಹೊರಗಿನವರು ಒಳಬಾರದಿರಲಿ, ರೋಗಿ ಹೊರಹೋಗದಿರಲಿ ಎಂಬ ಭಾಗ ವೈದ್ಯಕೀಯ ಸಲಹೆಗೆ ಹೊಂದುವಂಥದ್ದೇ. ಜ್ವರ ಏರಿದರೂ, ಉಸಿರಾಟ ಕಷ್ಟವಾದರೂ ವೈದ್ಯರ ಬಳಿಗೆ ಒಯ್ಯದಿರುವುದು ಮಾತ್ರ ಅಪಾಯಕಾರಿ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ನಾಲ್ಕು ದಾರಿಗಳು, ನಾಲ್ಕು ಪ್ರಯೋಗಗಳು

ಶಾಲೆಯಲ್ಲಿ ಕಾಣುವ ಬಹುಪಾಲು ವೈರಸ್ ರೋಗಗಳು ನಾಲ್ಕು ದಾರಿಗಳಲ್ಲಿ ಹರಡುತ್ತವೆ. ಪ್ರತಿಯೊಂದನ್ನೂ ಹೆಚ್ಚಿನ ಖರ್ಚಿಲ್ಲದೆ ಕಣ್ಣಿಗೆ ಕಾಣುವಂತೆ ತೋರಿಸಬಹುದು.

1. ಗಾಳಿ: ಕಿಟಕಿ ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಶಿಕ್ಷಕರು ಮುಂಭಾಗದಲ್ಲಿ ಒಂದು ಊದುಬತ್ತಿ ಹಚ್ಚಲಿ. ಪರಿಮಳ ತಲುಪಿದ ಕೂಡಲೇ ಕೈ ಎತ್ತುವಂತೆ ಹೇಳಿದರೆ ಕೊನೆಯ ಬೆಂಚಿನವರೂ ಸ್ವಲ್ಪ ಹೊತ್ತಿನಲ್ಲಿ ಕೈ ಎತ್ತುತ್ತಾರೆ. ದಡಾರ ಹರಡುವುದು ಹೀಗೆ. ರೋಗಿ ಕೊಠಡಿಯಿಂದ ಹೊರಟು ಎರಡು ಗಂಟೆಗಳವರೆಗೂ ಅದರ ವೈರಸ್ ಗಾಳಿಯಲ್ಲಿ ಉಳಿಯಬಲ್ಲದು. ಬಳಿಕ ಕಿಟಕಿಗಳನ್ನು ತೆರೆದು ಪರಿಮಳ ಕಡಿಮೆಯಾಗುವುದನ್ನು ಮಕ್ಕಳು ಗಮನಿಸಲಿ. 2020ರಲ್ಲಿ ಕೋವಿಡ್ ಆರಂಭವಾದಾಗ ಕೈ ಮತ್ತು ಮೇಲ್ಮೈಗಳ ಶುಚಿತ್ವಕ್ಕೆ ಸಿಕ್ಕ ಒತ್ತು ಗಾಳಿಯಾಟಕ್ಕೆ ಸಿಗಲಿಲ್ಲ. ಗಾಳಿಯ ಮೂಲಕವೂ ಆ ವೈರಸ್ ಹರಡುತ್ತದೆ ಎಂಬುದಕ್ಕೆ ಪೂರ್ಣ ಮಾನ್ಯತೆ ದೊರೆತದ್ದು ತಡವಾಗಿ. ಊದುಬತ್ತಿಯ ಹೊಗೆ ಉಬ್ಬಸ ಇರುವ ಮಕ್ಕಳಿಗೆ ತೊಂದರೆ ಕೊಡುವುದರಿಂದ ಅಂಥವರಿರುವ ತರಗತಿಯಲ್ಲಿ ಕಿತ್ತಳೆ ಸಿಪ್ಪೆ ಹಿಂಡಿಯೂ ಇದನ್ನು ತೋರಿಸಬಹುದು.

2. ಕೆಮ್ಮು, ಸೀನಿನ ಹನಿ: ನೀರು ಚಿಮುಕಿಸುವ ಬಾಟಲಿಯಿಂದ ಒಮ್ಮೆ ಕಪ್ಪುಹಲಗೆಯತ್ತ ಸಿಂಪಡಿಸಬೇಕು. ಬಾಟಲಿಯ ಮುಂದೆ ಕರವಸ್ತ್ರ ಹಿಡಿದು ಮತ್ತೊಮ್ಮೆ ಸಿಂಪಡಿಸಬೇಕು. ಹಲಗೆಯ ಮೇಲಿನ ಹನಿಗಳ ವ್ಯತ್ಯಾಸವೇ ಪಾಠ. ಫ್ಲೂ ಮತ್ತು ಮಂಗನಬಾವು ಹರಡುವಲ್ಲಿ ಇಂಥ ಹನಿಗಳ ಪಾತ್ರ ದೊಡ್ಡದು. ಕರವಸ್ತ್ರ ಇಲ್ಲದಾಗ ಅಂಗೈಗೆ ಬದಲು ಮೊಣಕೈಯ ಮಡಿಕೆಗೆ ಸೀನುವುದು ಏಕೆ ಎಂಬುದು ಮೂರನೆಯ ಪ್ರಯೋಗದಿಂದ ತಿಳಿಯುತ್ತದೆ.

3. ಕೈ: ಒಬ್ಬ ವಿದ್ಯಾರ್ಥಿಯ ಅಂಗೈಗೆ ಬಣ್ಣದ ರಂಗೋಲಿ ಪುಡಿ ಸವರಿ ಅರ್ಧ ಗಂಟೆ ಎಂದಿನಂತೆ ಇರಲು ಬಿಡಬೇಕು. ಬಣ್ಣ ಬಾಗಿಲಿನ ಚಿಲಕ, ಪುಸ್ತಕ, ಗೆಳೆಯನ ಹೆಗಲು ಎಲ್ಲೆಲ್ಲಿ ಅಂಟಿದೆ ಎಂದು ಮಕ್ಕಳೇ ಹುಡುಕಲಿ. 'ಮದ್ರಾಸ್ ಐ' ಎಂದು ಕರೆಯಲಾಗುವ ಕೆಂಗಣ್ಣು ಬೇನೆ ಹೀಗೆ ಹರಡುತ್ತದೆ. ರೋಗಿಯ ಕಣ್ಣನ್ನು ದಿಟ್ಟಿಸಿ ನೋಡಿದರೆ ಬೇನೆ ತಗಲುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಕಣ್ಣು ಉಜ್ಜಿದ ಕೈ, ಹಂಚಿಕೊಂಡ ಟವೆಲ್ ಮತ್ತು ಕರವಸ್ತ್ರ ಇವೇ ಅದರ ವಾಹಕಗಳು. ಕಪ್ಪು ಕನ್ನಡಕದಿಂದ ರೋಗಿಗೆ ಬೆಳಕಿನ ಕಿರಿಕಿರಿ ತಗ್ಗಬಹುದು. ಬೇರೆಯವರಿಗೆ ರಕ್ಷಣೆ ಸಿಗುವುದಿಲ್ಲ.

4. ನೀರು, ಆಹಾರ: ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಒಂದರಲ್ಲಿ ಚಿಟಿಕೆ ಉಪ್ಪು ಕರಗಿಸಿ, ಉಪ್ಪಿರುವ ಲೋಟ ಯಾವುದೆಂದು ನೋಡಿಯೇ ಹೇಳಲು ಕೇಳಬೇಕು. ಯಾರಿಗೂ ತಿಳಿಯದು. ಕಣ್ಣಿಗೆ ತಿಳಿಯಾಗಿ ಕಾಣುವ ನೀರು ಶುದ್ಧ ಎಂದು ಹೇಳಲಾಗದು. ಹೆಪಟೈಟಿಸ್ ಎ ವೈರಸ್‌ನಿಂದ ಬರುವ ಕಾಮಾಲೆ, ಮಲದಿಂದ ಕಲುಷಿತವಾದ ನೀರು ಮತ್ತು ಆಹಾರದ ಮೂಲಕ ಹರಡುತ್ತದೆ.

ಕೈ ತೊಳೆಯುವ ಪಾಠ ಇಲ್ಲಿಗೆ ಹೊಂದುತ್ತದೆ. ಎಣ್ಣೆಯ ಪಾತ್ರೆಯನ್ನು ಬರೀ ನೀರಿನಲ್ಲಿ ತೊಳೆದರೆ ಜಿಡ್ಡು ಹೋಗದು ಎಂಬುದು ಮಕ್ಕಳಿಗೆ ಗೊತ್ತು. ಕೊರೊನಾ ಮತ್ತು ಫ್ಲೂ ವೈರಸ್‌ಗಳ ಹೊರಕವಚದಲ್ಲಿ ಜಿಡ್ಡಿನಂಶವಿದ್ದು, ಸೋಪು ಅದನ್ನು ಒಡೆಯುತ್ತದೆ. ಅಂಥ ಕವಚವಿಲ್ಲದ ಹೆಪಟೈಟಿಸ್ ಎ ವೈರಸ್‌ ಅನ್ನು ಚರ್ಮದಿಂದ ಬಿಡಿಸಿ ನೀರಿನೊಡನೆ ಸಾಗಿಸುತ್ತದೆ. ಇದಕ್ಕೆ ಕನಿಷ್ಠ 20 ಸೆಕೆಂಡು ಬೇಕು. ಆದರೆ ಶೌಚಾಲಯದ ಬಳಿ ನೀರು, ಸೋಪು ಇಲ್ಲದ ಶಾಲೆಯಲ್ಲಿ ಈ ಪಾಠಕ್ಕೆ ಅರ್ಥವಿಲ್ಲ.

ಎಷ್ಟು ದಿನ ಮನೆಯಲ್ಲಿರಬೇಕು?

ಸಾಮಾನ್ಯವಾಗಿ ಪಾಲಿಸಲಾಗುವ ಅವಧಿಗಳು ಇಲ್ಲಿವೆ. ಆಯಾ ಮಗುವಿನ ಸ್ಥಿತಿಗೆ ತಕ್ಕಂತೆ ವೈದ್ಯರ ಸಲಹೆಯೇ ಅಂತಿಮ.

ದಡಾರ: ಮೈಮೇಲೆ ಕೆಂಪು ದದ್ದು ಕಾಣುವ ನಾಲ್ಕು ದಿನ ಮೊದಲಿನಿಂದ, ಕಂಡ ನಾಲ್ಕು ದಿನಗಳ ನಂತರದವರೆಗೆ ಹರಡುತ್ತದೆ. ದದ್ದು ಕಂಡ ಮೇಲೆ ನಾಲ್ಕು ದಿನ ಶಾಲೆ ಬೇಡ. ನ್ಯುಮೋನಿಯಾದಂಥ ತೊಡಕುಗಳ ಸಾಧ್ಯತೆ ಇರುವುದರಿಂದ ವೈದ್ಯರಿಗೆ ತೋರಿಸಲೇಬೇಕು.

ಚಿಕನ್‌ಪಾಕ್ಸ್: ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡಲಾರಂಭಿಸುತ್ತದೆ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆಯಲ್ಲಿರಬೇಕು. ಹಕ್ಕಳೆ ಪೂರ್ತಿ ಉದುರುವವರೆಗೆ ಕಾಯಬೇಕಿಲ್ಲ.

ಮಂಗನಬಾವು: ಊತ ಕಾಣಿಸಿಕೊಂಡ ದಿನದಿಂದ ಐದು ದಿನ.

ಕಾಮಾಲೆ (ಹೆಪಟೈಟಿಸ್ ಎ): ಕಣ್ಣು ಹಳದಿಯಾದ ನಂತರ ಒಂದು ವಾರ. ಹಳದಿ ಕಾಣುವ ಮೊದಲಿನ ಎರಡು ವಾರಗಳಲ್ಲೂ ವೈರಸ್ ಮಲದ ಮೂಲಕ ಹೊರಬೀಳುತ್ತಿರುತ್ತದೆ. ಆದ್ದರಿಂದ ಒಂದು ಮಗುವಿಗೆ ಬಂದಾಗ ಶಾಲೆಯ ಕುಡಿಯುವ ನೀರಿನ ಪರೀಕ್ಷೆ ಆಗಬೇಕು.

ಫ್ಲೂ: ಔಷಧಿಯ ನೆರವಿಲ್ಲದೆ ಜ್ವರ ಬಿಟ್ಟು 24 ಗಂಟೆ ಕಳೆಯುವವರೆಗೆ. ಬೆಳಿಗ್ಗೆ ಪ್ಯಾರಾಸಿಟಮಾಲ್ ಕೊಟ್ಟು ಶಾಲೆಗೆ ಕಳುಹಿಸಿದರೆ ಜ್ವರ ಮರೆಯಾಗುತ್ತದೆಯೇ ಹೊರತು ಹರಡುವುದು ನಿಲ್ಲುವುದಿಲ್ಲ.

ಫ್ಲೂ ಮತ್ತು ಚಿಕನ್‌ಪಾಕ್ಸ್‌ನಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಉಸಿರಾಟದ ತೊಂದರೆ, ನಿಲ್ಲದ ವಾಂತಿ, ಎಚ್ಚರಿಸಿದರೂ ಏಳದ ಮಂಪರು, ಫಿಟ್ಸ್ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಜೊತೆಗೆ ಕುಳಿತರೆ ಹರಡದ ರೋಗಗಳು

ಯಾವುದು ಹರಡುತ್ತದೆ ಎಂಬಷ್ಟೇ ಮುಖ್ಯ, ಯಾವುದು ಹರಡುವುದಿಲ್ಲ ಎಂಬುದು. ಡೆಂಗಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಈ ಪದ ಕೇಳಿದ ಮಕ್ಕಳು ಅದು ಮುಟ್ಟಿದರೆ ಬರುತ್ತದೆ ಎಂದು ಭಾವಿಸಬಹುದು. ಡೆಂಗಿ ಹರಡುವುದು ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆಯಿಂದ. ಅದು ಮೊಟ್ಟೆಯಿಡುವುದು ಡ್ರಮ್ಮು, ಹೂಕುಂಡ, ಹಳೆಯ ಟೈರುಗಳಲ್ಲಿ ನಿಂತ ನೀರಿನಲ್ಲಿ. ಇಲ್ಲಿ ಬೇಕಾದುದು ರೋಗಿಯಿಂದ ದೂರವಿರುವುದಲ್ಲ, ವಾರಕ್ಕೊಮ್ಮೆ ನೀರಿನ ತೊಟ್ಟಿಗಳನ್ನು ತಿಕ್ಕಿ ತೊಳೆಯುವುದು.

ಎಚ್‌ಐವಿ ವಿಷಯದಲ್ಲಿ ಈ ತಿಳಿವಳಿಕೆ ಇನ್ನಷ್ಟು ಮುಖ್ಯ. ಒಂದೇ ಬೆಂಚಿನಲ್ಲಿ ಕುಳಿತರೆ, ಒಟ್ಟಿಗೆ ಬಿಸಿಯೂಟ ಮಾಡಿದರೆ, ಆಟವಾಡಿದರೆ ಎಚ್‌ಐವಿ ಹರಡುವುದಿಲ್ಲ. ಸೋಂಕಿತ ಮಗುವಿಗೆ ಶಿಕ್ಷಣ ಸಂಸ್ಥೆಯಲ್ಲಿ ತಾರತಮ್ಯ ಮಾಡುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸಿದೆ.

ಲಸಿಕೆಯ ಪಾಠ

'ಎರಡು ಹನಿ' ಪೋಲಿಯೊ ಲಸಿಕೆ ಎಲ್ಲ ಮಕ್ಕಳಿಗೂ ಪರಿಚಿತ. ದೇಶದಲ್ಲಿ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ಲಸಿಕೆಯ ಚರಿತ್ರೆ ಇನ್ನೂ ಹಿಂದಕ್ಕೆ ಹೋಗುತ್ತದೆ. 1805ರ ಸುಮಾರಿಗೆ ಥಾಮಸ್ ಹಿಕಿ ರಚಿಸಿದ ಮೈಸೂರು ರಾಜಮನೆತನದ ಮೂವರು ಮಹಿಳೆಯರ ವರ್ಣಚಿತ್ರ ಸಿಡುಬು ಲಸಿಕೆಯ ಪ್ರಚಾರಕ್ಕೆ ಸಂಬಂಧಿಸಿದ್ದು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ಸಮಾಜ ವಿಜ್ಞಾನದ ತರಗತಿಯಲ್ಲೂ ಇದನ್ನು ಚರ್ಚಿಸಬಹುದು.

ದಡಾರ-ರುಬೆಲ್ಲಾ ಲಸಿಕೆಯನ್ನು ಸರ್ಕಾರಿ ಕಾರ್ಯಕ್ರಮದಲ್ಲಿ 9-12 ತಿಂಗಳು ಮತ್ತು 16-24 ತಿಂಗಳ ವಯಸ್ಸಿನಲ್ಲಿ ಉಚಿತವಾಗಿ ನೀಡಲಾಗುತ್ತದೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಇದರ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್ ವದಂತಿಗಳಿಗೆ ಹೆದರಿ ಕೆಲವು ಪೋಷಕರು ಹಿಂಜರಿದಿದ್ದರು. ರುಬೆಲ್ಲಾ ಮಕ್ಕಳಲ್ಲಿ ಸೌಮ್ಯ ರೋಗ. ಆದರೆ ಗರ್ಭಿಣಿಗೆ ತಗಲಿದರೆ ಹೊಟ್ಟೆಯಲ್ಲಿರುವ ಶಿಶುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿಯಾಗಬಹುದು. ನಾವು ಚುಚ್ಚಿಸಿಕೊಂಡ ಲಸಿಕೆ ನಮ್ಮ ಟೀಚರ್‌ಗೆ ಹುಟ್ಟಲಿರುವ ಮಗುವನ್ನೂ ಕಾಯುತ್ತದೆ ಎಂದರೆ ಮಕ್ಕಳಿಗೆ ಲಸಿಕೆಯ ಸಾಮಾಜಿಕ ಅರ್ಥ ತಿಳಿಯುತ್ತದೆ.

ಶಾಲೆಯ ಹೊಣೆ

2020ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿ ತರಬೇತುಗೊಳಿಸುವ ಉದ್ದೇಶವಿದೆ. ಅದರ 11 ವಿಷಯಗಳಲ್ಲಿ ಪೌಷ್ಟಿಕತೆ, ಆರೋಗ್ಯ ಮತ್ತು ನೈರ್ಮಲ್ಯವೂ ಒಂದು. ಆದರೆ ಪಾಠದಷ್ಟೇ ಪರಿಣಾಮ ಬೀರುವುದು ಶಾಲೆಯ ನಿಯಮಗಳು. 'ಜ್ವರವಿದ್ದರೆ ಮನೆಯಲ್ಲಿರಿ' ಎಂದು ಕಲಿಸುವ ಶಾಲೆಯೇ ಪೂರ್ಣ ಹಾಜರಿಗೆ ಬಹುಮಾನ ಕೊಟ್ಟರೆ ಮಗು ಬಹುಮಾನವನ್ನೇ ನಂಬುತ್ತದೆ. ಸೋಂಕಿನ ರಜೆಯನ್ನು ಗೈರುಹಾಜರಿಯ ಲೆಕ್ಕದಿಂದ ಹೊರಗಿಡುವುದು, ತಪ್ಪಿದ ಪಾಠಗಳ ಟಿಪ್ಪಣಿ ಕಳುಹಿಸುವುದು ಕಷ್ಟದ ಕೆಲಸಗಳಲ್ಲ.

ದಿನಗೂಲಿಯ ಅಥವಾ ಗಾರ್ಮೆಂಟ್ಸ್ ಕೆಲಸದ ತಾಯಿಗೆ ಮಗುವಿನೊಂದಿಗೆ ಐದು ದಿನ ಮನೆಯಲ್ಲಿರುವುದೆಂದರೆ ಐದು ದಿನಗಳ ಸಂಬಳ ಹೋದಂತೆ. ಮಗುವಿಗೆ ಬಿಸಿಯೂಟವೂ ತಪ್ಪುತ್ತದೆ. ಅವಳು ಮಗುವನ್ನು ಶಾಲೆಗೆ ಕಳುಹಿಸಿದರೆ ಅದನ್ನು ಅಜ್ಞಾನ ಎಂದು ದೂರುವಂತಿಲ್ಲ. ನಿಖರ ದಿನಗಳನ್ನು ತಿಳಿಸುವುದರಿಂದ ಇಲ್ಲಿಯೂ ಪ್ರಯೋಜನವಿದೆ. 'ಗುಣವಾಗುವವರೆಗೆ ಬೇಡ' ಎಂಬುದಕ್ಕಿಂತ 'ಸೋಮವಾರದಿಂದ ಕಳುಹಿಸಿ' ಎಂಬ ಮಾತು ಅವಳಿಗೆ ಕೆಲಸ, ನೆರೆಹೊರೆಯ ನೆರವು ಹೊಂದಿಸಿಕೊಳ್ಳಲು ಅನುಕೂಲ.

ಆ ಸೋಮವಾರ ಮಗು ತರಗತಿಗೆ ಬಂದಾಗ ಶಿಕ್ಷಕರು ಎಲ್ಲರೆದುರು ಒಂದು ಮಾತು ಹೇಳಬೇಕು: 'ಇವಳಿಗೆ ಬಂದಿದ್ದ ರೋಗ ಹರಡುವ ದಿನಗಳು ಮುಗಿದಿವೆ. ಎಂದಿನ ಜಾಗದಲ್ಲೇ ಕೂರುತ್ತಾಳೆ'. ರೋಗದ ದಾರಿ ಮತ್ತು ದಿನ ಕಲಿತ ಮಕ್ಕಳಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗದು.