ಚಕ್ರಮುನಿಯ ಪೂರ್ವಾಶ್ರಮ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಹಳೆಯ ಮನೆಗಳ ಕಾಂಪೌಂಡಿನೊಳಗೆ ಕರಿಬೇವು, ದೊಡ್ಡಪತ್ರೆಗಳ ಜೊತೆಗೆ ಇನ್ನೊಂದು ಗಿಡವೂ ಕಾಣುವುದುಂಟು. ನೆಟ್ಟಗೆ ಎದ್ದ ತೆಳುವಾದ ಕಾಂಡ, ಅದರಿಂದ ಪಕ್ಕಕ್ಕೆ ಚಾಚಿದ ಕಡ್ಡಿಗಳು, ಕಡ್ಡಿಯ ಎರಡೂ ಬದಿಗೆ ಸಾಲಾಗಿ ಜೋಡಿಸಿಟ್ಟಂಥ ಹಸಿರೆಲೆ. ನೆಲನೆಲ್ಲಿಯನ್ನೇ ಹಲವು ಪಟ್ಟು ಹಿಗ್ಗಿಸಿದಂತೆ ತೋರುತ್ತದೆ. ಸಸ್ಯಶಾಸ್ತ್ರದ ಪ್ರಕಾರವೂ ಇದು ನೆಲ್ಲಿಯ ಕುಟುಂಬಕ್ಕೇ ಸೇರಿದ್ದು. ಇದೇ ಚಕ್ರಮುನಿ ಸೊಪ್ಪು. ಅನೇಕರ ಬಾಯಲ್ಲಿ ‘ವಿಟಮಿನ್ ಸೊಪ್ಪು’. ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಎರಡು ಮೊಳ ಮಣ್ಣಿಗೆ ಹೇಳಿ ಮಾಡಿಸಿದ ಗಿಡ. ನೆರೆಮನೆಯಿಂದ ಗೇಣುದ್ದದ ಬಲಿತ ಕಡ್ಡಿ ತಂದು ಊರಿದರೆ ಸಾಕು, ವರ್ಷಗಟ್ಟಲೆ ಚಿಗುರುತ್ತದೆ.

ಹೆಸರು ಕೇಳಿದರೆ ಪುರಾಣದ ಯಾವುದೋ ಋಷಿ ನೆನಪಾಗಬೇಕು. ಆದರೆ ಈ ಮುನಿಯ ಪೂರ್ವಾಶ್ರಮ ಬೇರೆ. ಮಲಯ ಭಾಷೆಯಲ್ಲಿ ಇದು ‘ಚೆಕುರ್ ಮಾನಿಸ್’. ‘ಮಾನಿಸ್’ ಎಂದರೆ ಸಿಹಿ. ಕೇರಳದಲ್ಲಿ ‘ಚೆಕ್ಕುರ್ಮಾನಿಸ್’. ಕನ್ನಡದ ನಾಲಿಗೆ ಅದನ್ನು ತಿದ್ದಿ ತೀಡಿ ಮುನಿಯನ್ನಾಗಿಸಿದೆ ಎನ್ನಲು ಧ್ವನಿಸಾಮ್ಯವೇ ಸಾಕು. ಗಂಡು ಮತ್ತು ಹೆಣ್ಣು ಹೂಗಳು ಒಂದೇ ಗಿಡದಲ್ಲಿ ಬಿಡುವುದನ್ನು ಗಮನಿಸಿ ಲಿನೇಯಸ್ 1767ರಲ್ಲಿ ಇದಕ್ಕೆ ‘ಆಂಡ್ರೋಗೈನ’ ಎಂಬ ಹೆಸರನ್ನಿತ್ತ. ಬಹುಕಾಲ ‘ಸೌರೋಪಸ್’ ಕುಲದಲ್ಲಿದ್ದ ಗಿಡವನ್ನು 2012ರಲ್ಲಿ ಭಾರತೀಯ ಸಸ್ಯಶಾಸ್ತ್ರಜ್ಞರು ‘ಬ್ರೇನಿಯ’ ಕುಲಕ್ಕೆ ಸೇರಿಸಿದರು.

ಭಾರತದಿಂದ ದಕ್ಷಿಣ ಚೀನಾ, ಇಂಡೋನೇಷ್ಯಾಗಳವರೆಗೆ ಹಬ್ಬಿರುವ ಈ ಗಿಡವನ್ನು ಹಿತ್ತಲ ತರಕಾರಿಯಾಗಿ ಹೆಚ್ಚು ಬಳಸುವವರು ಆಗ್ನೇಯ ಏಷ್ಯಾದವರು. ಇಂಡೋನೇಷ್ಯಾದಲ್ಲಿ ಇದರ ಹೆಸರು ‘ಕಾತುಕ್’. ಎದೆಹಾಲು ಹೆಚ್ಚಲಿ ಎಂದು ಬಾಣಂತಿಯರಿಗೆ ಇದರ ತಿಳಿಸಾರು ಕೊಡುವುದು ಅಲ್ಲಿನ ರೂಢಿ. ವಿಯೆಟ್ನಾಮಿನಲ್ಲೂ ಸಾರು ಮಾಡುತ್ತಾರೆ. ಮಲೇಷ್ಯಾದಲ್ಲಿ ಮೊಟ್ಟೆಯೊಡನೆ ಹುರಿಯುತ್ತಾರೆ. ಎಲ್ಲ ಕಡೆಯೂ ಇದು ಒಲೆ ಕಂಡ ಸೊಪ್ಪು.

ಎಲೆಯಲ್ಲಿ ಪ್ರೋಟೀನು, ‘ಸಿ’ ಜೀವಸತ್ವ, ದೇಹದಲ್ಲಿ ‘ಎ’ ಜೀವಸತ್ವವಾಗುವ ಕೆರೋಟಿನ್ ಧಾರಾಳವಾಗಿರುವುದರಿಂದ ‘ವಿಟಮಿನ್ ಸೊಪ್ಪು’ ಎಂಬ ಬಿರುದು ಸುಳ್ಳಲ್ಲ. ಆದರೆ ಸೊಪ್ಪನ್ನು ಔಷಧವೆಂದು ಭಾವಿಸಿದರೆ ಏನಾಗುತ್ತದೆ ಎಂಬುದಕ್ಕೆ ತೈವಾನ್ ಸಾಕ್ಷಿ. 1994-95ರಲ್ಲಿ ಅಲ್ಲಿ ಇದರ ಹಸಿ ರಸ ಕುಡಿದರೆ ತೂಕ ಇಳಿಯುತ್ತದೆಂಬ ನಂಬಿಕೆ ಹಬ್ಬಿತು. ಸೀಬೆ, ಅನಾನಸ್ ರಸಗಳೊಂದಿಗೆ ಬೆರೆಸಿ ವಾರಗಟ್ಟಲೆ ದಿನವೂ ಕುಡಿದವರಿಗೆ ಕೆಮ್ಮು, ಏದುಸಿರು ಶುರುವಾಯಿತು. ಶ್ವಾಸಕೋಶದ ಕಿರುನಾಳಗಳೇ ಕಟ್ಟಿಕೊಂಡಿದ್ದವು. ‘ಲ್ಯಾನ್ಸೆಟ್’ ವೈದ್ಯಪತ್ರಿಕೆ 1996ರಲ್ಲಿ ಇಂಥ 23 ಮಹಿಳೆಯರ ವಿವರ ಪ್ರಕಟಿಸಿತು. ರಸ ಕುಡಿಯುವುದನ್ನು ಬಿಟ್ಟ ಮೇಲೂ ಹಾಳಾದ ನಾಳಗಳು ಸರಿಹೋಗಲಿಲ್ಲ. ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು, ಸತ್ತವರೂ ಇದ್ದಾರೆ. ಬೆಳಗಿನ ವಾಯುವಿಹಾರದ ನಂತರ ಬಗೆಬಗೆಯ ಸೊಪ್ಪಿನ ರಸ ಕುಡಿಯುವ ಅಭ್ಯಾಸ ಬೆಳೆದಿರುವ ಬೆಂಗಳೂರಿಗರು ಇದನ್ನು ತಿಳಿದಿರಬೇಕು.

ಕನ್ನಡದ ಅಡುಗೆಮನೆಗೆ ಈ ಅಪಾಯದಿಂದ ದೂರವಿರುವ ದಾರಿ ಮೊದಲಿನಿಂದಲೂ ಗೊತ್ತು. ಎಳೆಯ ಕುಡಿ, ಎಲೆಗಳನ್ನು ಬಿಡಿಸಿ, ತೊಳೆದು, ಸಣ್ಣಗೆ ಹೆಚ್ಚಬೇಕು. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಒಗ್ಗರಣೆಯಲ್ಲಿ ಈರುಳ್ಳಿ ಬಾಡಿಸಿ, ಸೊಪ್ಪು ಹಾಕಿ, ನೀರು ಚಿಮುಕಿಸಿ, ಮುಚ್ಚಿ ಮೆತ್ತಗಾಗುವವರೆಗೆ ಬೇಯಿಸಿ ತೆಂಗಿನತುರಿ ಉದುರಿಸಿದರೆ ಪಲ್ಯ. ಕಹಿಯಿಲ್ಲ, ಲೋಳೆಯಿಲ್ಲ, ‘ಮಾನಿಸ್’ ಎಂಬ ಮಾತಿನ ಸಿಹಿ ಆಗ ತಿಳಿಯುತ್ತದೆ. ಕೆಂಗೇರಿ ಸುತ್ತಿನ ಮುದ್ದೆಯೂಟದ ಮನೆಗಳಲ್ಲಾದರೆ ದಂಟು, ಹೊನಗೊನ್ನೆ, ಸಬ್ಬಸಿಗೆಗಳ ಬೆರಕೆಗೆ ಇದನ್ನೂ ಒಂದು ಹಿಡಿ ಸೇರಿಸಿ, ತೊಗರಿಬೇಳೆಯೊಡನೆ ಬೇಯಿಸಿ ಮಸೆದು ಮಸ್ಸೊಪ್ಪು ಮಾಡಬಹುದು. ಬೆರಕೆಯಲ್ಲಿ ಒಂದೇ ಸೊಪ್ಪು ಅತಿಯಾಗುವುದಿಲ್ಲ. ಬೇಯಿಸಿದ್ದನ್ನೂ ದಿನವೂ ರಾಶಿಗಟ್ಟಲೆ ತಿನ್ನಬೇಕಾಗಿಲ್ಲ. ವಾರಕ್ಕೊಮ್ಮೆ ಪಲ್ಯಕ್ಕಾಗುವಷ್ಟು ಚಿಗುರನ್ನು ಕಾಂಪೌಂಡಿನ ಒಂದು ಗಿಡವೇ ಕೊಡುತ್ತದೆ.

ಮನೆ ಒಡೆದು ಮಹಡಿ ಎಬ್ಬಿಸುವಾಗ ಈ ಗಿಡಗಳೂ ಹೋಗುತ್ತವೆ. ಆದರೂ ತಾರಸಿಯ ಕುಂಡದಲ್ಲಿ ಚಕ್ರಮುನಿ ಬದುಕಬಲ್ಲದು. ಕಡ್ಡಿ ಕೇಳಲು ಬಂದವರಿಗೆ ‘ಹಸಿಯಾಗಿ ಕುಡಿಯಬೇಡಿ, ಬೇಯಿಸಿಯೇ ತಿನ್ನಿ’ ಎಂಬ ಮಾತನ್ನೂ ಜೊತೆಗೆ ಕೊಟ್ಟು ಕಳಿಸುವುದು ಒಳ್ಳೆಯದು.