ತೂಕ, ಗರಿ, ಬಾಗು: ಧನುರ್ವೇದದ ಬಾಣಲಕ್ಷಣದಲ್ಲಿ ಪ್ರಯೋಗಜ್ಞಾನ

ಬಿಲ್ಲುವಿದ್ಯೆಯ ಚರಿತ್ರೆಯಲ್ಲಿ ಬಿಲ್ಲಿಗೆ ಸಂದಷ್ಟು ಗಮನ ಬಾಣಕ್ಕೆ ಸಂದಿಲ್ಲ. ಬಾಣ ಹೊಯ್ದಾಡದೆ ಹಾರಬೇಕಾದರೆ ಮುಂಭಾಗದ ತೂಕ, ಹಿಂಭಾಗದ ಗರಿ, ದಂಡದ ಬಾಗುವ ಗುಣ ಮೂರೂ ಹೊಂದಿಬರಬೇಕು. ಧನುರ್ವೇದ ಗ್ರಂಥಗಳ ಬಾಣಲಕ್ಷಣ ಭಾಗವನ್ನು ಈ ಮೂರರ ಬಗೆಗಿನ ಪ್ರಯೋಗಗಳ ದಾಖಲೆಯಾಗಿ ಓದಬೇಕೆಂಬುದು ಈ ಲೇಖನದ ವಾದ.

ಈ ಅರಿವು ಬರವಣಿಗೆಗಿಂತ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಿಂದಿನ 'ಓಟ್ಸಿ' ಎಂಬ ಮನುಷ್ಯನ ಬತ್ತಳಿಕೆಯಲ್ಲಿ 14 ಬಾಣಗಳಿದ್ದವು. ಪೂರ್ತಿಗೊಂಡಿದ್ದವು ಎರಡೇ. ಅವುಗಳ ಬುಡಕ್ಕೆ ಮೂರು ಗರಿಗಳನ್ನು ಬರ್ಚ್ ಮರದ ಅಂಟಿನಿಂದ ಕೂರಿಸಿ, ತೆಳು ನೂಲಿನಿಂದ ಸುತ್ತಿ ಬಿಗಿಯಲಾಗಿತ್ತು. ಬಾಣ ದಾರಿ ತಪ್ಪಿ ಓರೆಯಾದೊಡನೆ ಗರಿಗೆ ಗಾಳಿ ತಾಗಿ, ಬಾಲವನ್ನು ಮತ್ತೆ ನೇರಕ್ಕೆ ತರುತ್ತದೆ. ತೂಕದ ಕೇಂದ್ರ ಮುಂದಿದ್ದಷ್ಟೂ ಈ ತಿದ್ದುಪಡಿ ಸುಲಭ.

ವಸಿಷ್ಠನ ಹೆಸರಿನ ಧನುರ್ವೇದದಲ್ಲಿ ಈ ವಿಷಯ ನಿಯಮಗಳ ರೂಪ ತಾಳಿದೆ. ದಂಡ ಕಿರುಬೆರಳಿನ ಗಾತ್ರವಿರಬೇಕು. ಉದ್ದ ಎರಡು ಮೊಳಕ್ಕೆ ಒಂದು ಮುಷ್ಟಿ ಕಡಿಮೆ. ಮುಂದೆ ದಪ್ಪನಾದ ಬಾಣ 'ಸ್ತ್ರೀ', ಅದು ದೂರ ಹೋಗುತ್ತದೆ; ಹಿಂದೆ ದಪ್ಪನಾದದ್ದು 'ಪುರುಷ', ಅದು ಗಟ್ಟಿ ವಸ್ತುವನ್ನು ಭೇದಿಸುತ್ತದೆ; ಉದ್ದಕ್ಕೂ ಸಮನಾದದ್ದು 'ನಪುಂಸಕ', ಅದು ಗುರಿ ಹೊಡೆಯಲು ತಕ್ಕದ್ದು. ಹೆಸರುಗಳನ್ನು ಬದಿಗಿಟ್ಟರೆ, ದಂಡದಲ್ಲಿ ತೂಕ ಹಂಚಿಕೆಯಾದ ಬಗೆಗೂ ಬಾಣದ ವರ್ತನೆಗೂ ಇರುವ ಸಂಬಂಧವನ್ನೇ ಈ ವಿಂಗಡಣೆ ಹೇಳುತ್ತಿದೆ. ಒಂದೇ ಬಿಲ್ಲಿನಿಂದ ಬೇರೆ ಬೇರೆ ದಂಡಗಳನ್ನು ಎಸೆದು ನೋಡದವರಿಗೆ ಇಂಥ ವಿಂಗಡಣೆ ಹೊಳೆಯುವುದು ಕಷ್ಟ.

ಗರಿಯ ಲೆಕ್ಕ ಇನ್ನೂ ಖಚಿತವಾಗಿದೆ. ಹಂಸ, ನವಿಲು, ಹದ್ದು ಮೊದಲಾದ ಹಕ್ಕಿಗಳ ಗರಿಯನ್ನು ಆರು ಅಂಗುಲಕ್ಕೆ ಕತ್ತರಿಸಿ ಬಾಣಕ್ಕೆ ನಾಲ್ಕರಂತೆ ಕಟ್ಟಬೇಕು. ಕೊಂಬಿನಿಂದ ಮಾಡಿದ ಶಾರ್ಙ್ಗ ಬಿಲ್ಲಿನ ಬಾಣಕ್ಕೆ ಮಾತ್ರ ಗರಿ ಹತ್ತು ಅಂಗುಲ. ಈ ಬಿಲ್ಲು ಆನೆ, ಕುದುರೆಯ ಮೇಲಿನ ಯೋಧರದು. ಅಲುಗಾಡುವ ಆಸನದಿಂದ ಹೊರಟ ಬಾಣವನ್ನು ಬೇಗ ಸ್ಥಿರಗೊಳಿಸಲು ಉದ್ದನೆಯ ಗರಿ ಬೇಕಾಗಿರಬೇಕು. ಪೂರ್ತಿ ಕಬ್ಬಿಣದ ನಾರಾಚಕ್ಕೆ ಐದು ಅಗಲವಾದ ಗರಿಗಳನ್ನು ಹೇಳಿದೆ. ಜೊಂಡಿನ ಬಾಣದಲ್ಲಿ ಅಲಗಿನ ತೂಕವೆಲ್ಲ ಮುಂದಿರುತ್ತದೆ. ನಾರಾಚದಲ್ಲಿ ತೂಕ ಬಾಲದವರೆಗೂ ಹಬ್ಬಿರುತ್ತದೆ. ಆ ಕೊರತೆಯನ್ನು ಗರಿಯೇ ತುಂಬಬೇಕು. ಶಾಸ್ತ್ರ ಕಾರಣ ಹೇಳುವುದಿಲ್ಲ, ಆದರೆ ಅದರ ಅಳತೆಗಳು ಕಾರಣಕ್ಕೆ ಒಪ್ಪುತ್ತವೆ.

ಮೂರನೆಯ ಗುಣವಾದ ಬಾಗು ಕಣ್ಣಿಗೆ ಕಾಣದು. ಬಾಣ ಬಿಲ್ಲಿನ ಹಿಡಿಯ ಪಕ್ಕದಲ್ಲಿ ಕೂತಿರುತ್ತದೆ. ಹೆದೆ ಬಿಟ್ಟಾಗ ಅದು ಪಕ್ಕಕ್ಕೆ ಸಿಡಿಯಬೇಕು, ಆದರೂ ನೇರ ಹೋಗುತ್ತದೆ. ಅಮೆರಿಕದ ಇ. ಜೆ. ರೆಂಡ್‌ಟಾರ್ಫ್ 1913ರಲ್ಲಿ ಇದನ್ನು ಬಿಲ್ಲುಗಾರನ ವಿರೋಧಾಭಾಸವೆಂದು ಕರೆದ. 1930ರ ದಶಕದಲ್ಲಿ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿದಾಗ ಗುಟ್ಟು ಬಯಲಾಯಿತು: ಬಾಣ ಹಾವಿನಂತೆ ಬಳುಕಿ ಹಿಡಿಯನ್ನು ಬಳಸಿ ಸಾಗುತ್ತದೆ. ದಂಡ ಅತಿ ಬಿರುಸಾದರೂ ಅತಿ ಮೆದುವಾದರೂ ಗುರಿ ತಪ್ಪುತ್ತದೆ. ಸಮಗಾತ್ರದ ಬಾಣವೇ ಗುರಿಗೆ ತಕ್ಕದ್ದೆಂಬ ಧನುರ್ವೇದದ ಮಾತಿಗೆ ಇಲ್ಲಿ ಅರ್ಥ ಸಿಗಬಹುದು. ಉದ್ದಕ್ಕೂ ಒಂದೇ ಗಾತ್ರದ ದಂಡ ಪ್ರತಿ ಸಲವೂ ಒಂದೇ ರೀತಿ ಬಳುಕುವ ಸಾಧ್ಯತೆ ಹೆಚ್ಚು.

ಇದು ತರ್ಕದ ಊಹೆ, ಪರೀಕ್ಷೆಯಾಗಬೇಕು. ಕರ್ನಾಟಕಕ್ಕೆ ಈ ಕೆಲಸ ಹತ್ತಿರದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಶಸ್ತ್ರವಿನೋದಕ್ಕೆ ಸ್ಥಾನವಿದೆ. ನಮ್ಮ ವೀರಗಲ್ಲುಗಳಲ್ಲಿ ಬಿಲ್ಲಾಳುಗಳಿದ್ದಾರೆ. ಸಂಸ್ಕೃತ ವಿದ್ವಾಂಸರು, ಭೌತವಿಜ್ಞಾನಿಗಳು, ಬಾಣ ಮಾಡಬಲ್ಲ ಕುಶಲಿಗಳು ಒಂದೆಡೆ ಸೇರಿ, ಶಾಸ್ತ್ರದ ಅಳತೆಗೆ ಬಾಣ ಮಾಡಿ ಎಸೆದು ನೋಡಬೇಕು. ನಮ್ಮ ವಿಶ್ವವಿದ್ಯಾಲಯಗಳು ಇದನ್ನು ಕೈಗೆತ್ತಿಕೊಳ್ಳಲಿ.