ವಾಹನದ ‘ಕ್ಯಾನ್ ಬಸ್’ ಸಂದೇಶ ಓದುವುದು ಹೇಗೆ? ಸಿಗ್ನಲ್ ಎಂದರೇನು? ಇಲ್ಲಿದೆ ವಿವರ

ಸೂರತ್: ತಾಪಿ ನದಿಯ ಪಶ್ಚಿಮ ದಂಡೆಯ ಅಡಾಜಣ್ ಸೇರಿದಂತೆ ಗುಜರಾತ್‌ನ ಸೂರತ್ ನಗರದಲ್ಲಿ ಓಡುವ ಆಧುನಿಕ ಸಿಟಿ ಬಸ್‌ಗಳಲ್ಲಿ ವೇಗ, ತಾಪಮಾನ, ಬ್ಯಾಟರಿ, ಬಾಗಿಲಿನ ಸ್ಥಿತಿ ಎಲ್ಲವೂ ಅಂಕಿಗಳ ರೂಪದಲ್ಲಿ ತಂತಿಯ ಮೇಲೆ ಹರಿಯುತ್ತಿರುತ್ತವೆ. ಕಾರು, ಲಾರಿಗಳಲ್ಲೂ ಇದೇ ವ್ಯವಸ್ಥೆ ಇದೆ. ಆದರೆ ಆ ಅಂಕಿಗಳಿಗೆ ಅರ್ಥ ಕೊಡುವ ವಿವರಣೆ ಕೈಯಲ್ಲಿಲ್ಲದಿದ್ದರೆ ದತ್ತಾಂಶ ಇದ್ದೂ ಇಲ್ಲದಂತೆ. ವಿವರಣೆ ತಪ್ಪಾದರೆ ಸರಿಯಿರುವ ಬಸ್ಸೂ ಡಿಪೋ ಸೇರಬಹುದು.

ಕ್ಯಾನ್ ಬಸ್ ಎಂದರೇನು?

ಇಲ್ಲಿ ‘ಬಸ್’ ಎಂದರೆ ಪ್ರಯಾಣಿಕರ ವಾಹನವಲ್ಲ. ವಾಹನದೊಳಗಿನ ಕಂಪ್ಯೂಟರ್‌ಗಳೆಲ್ಲ ಹಂಚಿಕೊಳ್ಳುವ ತಂತಿ ಜಾಲ. ‘ಕಂಟ್ರೋಲರ್ ಏರಿಯಾ ನೆಟ್‌ವರ್ಕ್’ ಎಂಬುದರ ಹ್ರಸ್ವರೂಪವೇ ಕ್ಯಾನ್. ಜರ್ಮನಿಯ ಬಾಷ್ ಕಂಪನಿ ಇದನ್ನು ಅಭಿವೃದ್ಧಿಪಡಿಸಿ 1986ರಲ್ಲಿ ಬಹಿರಂಗಪಡಿಸಿತು. 1993ರಲ್ಲಿ ಇದು ಐಎಸ್‌ಒ 11898 ಹೆಸರಿನಲ್ಲಿ ಅಂತಾರಾಷ್ಟ್ರೀಯ ಮಾನದಂಡವಾಯಿತು.

ಪ್ರತಿ ಸಂದೇಶಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಇದು 11 ಅಥವಾ 29 ಬಿಟ್ ಉದ್ದವಿರುತ್ತದೆ. ಇದರ ಜತೆ ಗರಿಷ್ಠ 8 ಬೈಟ್ ದತ್ತಾಂಶ ಸಾಗುತ್ತದೆ. ಎರಡು ಸಂದೇಶಗಳು ಒಟ್ಟಿಗೆ ಹೊರಟರೆ ಚಿಕ್ಕ ಗುರುತಿನ ಸಂಖ್ಯೆಯದ್ದಕ್ಕೆ ಮೊದಲ ಆದ್ಯತೆ.

ಸಿಗ್ನಲ್ ಎಂದರೇನು?

ಈ 8 ಬೈಟ್‌ಗಳಲ್ಲಿ ಅಡಗಿರುವ ಒಂದೊಂದು ಮಾಹಿತಿಯೇ ಸಿಗ್ನಲ್. ಅದನ್ನು ಓದಲು ಮುಖ್ಯವಾಗಿ ಈ ಸಂಗತಿಗಳು ಗೊತ್ತಿರಬೇಕು:

* ಎಷ್ಟನೇ ಬಿಟ್‌ನಿಂದ ಆರಂಭ, ಎಷ್ಟು ಬಿಟ್ ಉದ್ದ
* ಬೈಟ್‌ಗಳ ಕ್ರಮ (ಚಿಕ್ಕ ಬೆಲೆಯ ಬೈಟ್ ಮೊದಲೋ, ದೊಡ್ಡದು ಮೊದಲೋ)
* ಋಣ ಸಂಖ್ಯೆ ಬರಬಹುದೇ, ಇಲ್ಲವೇ
* ಯಾವ ಸಂಖ್ಯೆಯಿಂದ ಗುಣಿಸಬೇಕು (ಸ್ಕೇಲ್), ಎಷ್ಟು ಕೂಡಿಸಬೇಕು ಅಥವಾ ಕಳೆಯಬೇಕು (ಆಫ್‌ಸೆಟ್)
* ಅಳತೆಯ ಮಾನ

ಈ ವಿವರಗಳನ್ನು ಸಾಮಾನ್ಯವಾಗಿ ‘ಡಿಬಿಸಿ’ ಎಂಬ ಫೈಲ್‌ನಲ್ಲಿ ಬರೆದಿಡಲಾಗುತ್ತದೆ.

ಲೆಕ್ಕ ಹಾಕುವುದು ಹೇಗೆ?

ಭಾರಿ ವಾಹನಗಳಲ್ಲಿ ‘ಜೆ1939’ ಎಂಬ ಮಾನದಂಡ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ಪ್ರಕಾರ ಡೀಸೆಲ್ ಎಂಜಿನ್‌ನ ವೇಗ 61444 ಸಂಖ್ಯೆಯ ಸಂದೇಶ ಗುಂಪಿನ 4 ಮತ್ತು 5ನೇ ಬೈಟ್‌ಗಳಲ್ಲಿರುತ್ತದೆ. ಚಿಕ್ಕ ಬೆಲೆಯ ಬೈಟ್ ಮೊದಲು ಬರುತ್ತದೆ. ಸ್ಕೇಲ್ 0.125.

ಆ ಬೈಟ್‌ಗಳಲ್ಲಿ 224 ಮತ್ತು 46 ಇವೆ ಎಂದಿಟ್ಟುಕೊಳ್ಳಿ. 46 ಅನ್ನು 256ರಿಂದ ಗುಣಿಸಿ 224 ಕೂಡಿಸಿದರೆ 12,000. ಇದನ್ನು 0.125ರಿಂದ ಗುಣಿಸಿದರೆ ನಿಮಿಷಕ್ಕೆ 1,500 ಸುತ್ತು. ಬೈಟ್‌ಗಳ ಕ್ರಮ ಅದಲುಬದಲಾದರೆ ಇದೇ ಲೆಕ್ಕ ಸುಮಾರು 7,174 ಸುತ್ತು ಎನ್ನುತ್ತದೆ. ಬಸ್ಸಿನ ಡೀಸೆಲ್ ಎಂಜಿನ್ ಅಷ್ಟು ವೇಗದಲ್ಲಿ ತಿರುಗುವುದಿಲ್ಲ.

ತಪ್ಪಾದರೆ ಏನಾಗುತ್ತದೆ?

ಎಲ್ಲ ತಪ್ಪುಗಳೂ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಜೆ1939ರಲ್ಲಿ ಎಂಜಿನ್ ಕೂಲಂಟ್ ತಾಪಮಾನಕ್ಕೆ 40 ಕಳೆಯಬೇಕು. ಬಂದ ಸಂಖ್ಯೆ 130 ಆಗಿದ್ದರೆ ನಿಜವಾದ ತಾಪಮಾನ 90 ಡಿಗ್ರಿ ಸೆಲ್ಸಿಯಸ್. 40 ಕಳೆಯುವುದನ್ನು ಮರೆತರೆ ಸರಿಯಾಗಿ ಓಡುತ್ತಿರುವ ಎಂಜಿನ್ ಅತಿಯಾಗಿ ಬಿಸಿಯಾದಂತೆ ಕಾಣುತ್ತದೆ.

ಇದೇ ಬೈಟ್‌ನಲ್ಲಿ 255 ಬಂದರೆ ‘ಮಾಹಿತಿ ಲಭ್ಯವಿಲ್ಲ’ ಎಂದರ್ಥ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಪರದೆಯ ಮೇಲೆ 215 ಡಿಗ್ರಿ ಕಾಣಿಸುತ್ತದೆ.

ದೂರದ ಲೆಕ್ಕದಲ್ಲೂ ಗೊಂದಲ ಸಾಧ್ಯ. ಜೆ1939ರಲ್ಲಿ ಒಟ್ಟು ದೂರಕ್ಕೆ ಎರಡು ಸಿಗ್ನಲ್‌ಗಳಿವೆ. ಒಂದರಲ್ಲಿ ಪ್ರತಿ ಅಂಕಕ್ಕೆ 5 ಮೀಟರ್, ಮತ್ತೊಂದರಲ್ಲಿ 125 ಮೀಟರ್. ಮೊದಲನೆಯದು ದಿನದಲ್ಲಿ 36,000 ಅಂಕ ಹೆಚ್ಚಿದರೆ ಬಸ್ ಓಡಿದ್ದು 180 ಕಿ.ಮೀ. ಎರಡನೆಯದರ ಸ್ಕೇಲ್ ಹಾಕಿದರೆ 4,500 ಕಿ.ಮೀ.!

ಎಲೆಕ್ಟ್ರಿಕ್ ಬಸ್‌ಗಳಿಗೆ ಏಕೆ ಮುಖ್ಯ?

ಕೇಂದ್ರದ ಫೇಮ್-2 ಯೋಜನೆಯಡಿ ಎಲೆಕ್ಟ್ರಿಕ್ ಬಸ್ ಪಡೆದ ನಗರಗಳಲ್ಲಿ ಸೂರತ್ ಕೂಡ ಒಂದು. ಈ ಮಾದರಿಯಲ್ಲಿ, ಬೆಂಗಳೂರಿನ ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್‌ಗಳಂತೆಯೇ, ಬಸ್ ನಿರ್ವಹಿಸುವ ಕಂಪನಿಗೆ ಕಿ.ಮೀ. ಲೆಕ್ಕದಲ್ಲಿ ಹಣ ಪಾವತಿಯಾಗುತ್ತದೆ. ಓಡಿದ ದೂರ, ಪ್ರತಿ ಕಿ.ಮೀ.ಗೆ ಖರ್ಚಾದ ವಿದ್ಯುತ್ ಮತ್ತು ಬ್ಯಾಟರಿಯ ಆರೋಗ್ಯವನ್ನು ಬಸ್ಸಿನ ದತ್ತಾಂಶದಿಂದಲೇ ತಾಳೆ ನೋಡಲು ಸಿಗ್ನಲ್ ವಿವರಣೆ ಬೇಕೇ ಬೇಕು.

ಬ್ಯಾಟರಿಯ ಕರೆಂಟ್ ಬಳಕೆಯಾಗುವಾಗ ಒಂದು ದಿಕ್ಕು, ಚಾರ್ಜ್ ಆಗುವಾಗ ಇನ್ನೊಂದು. ಹಾಗಾಗಿ ಋಣ ಸಂಖ್ಯೆ ಬರುತ್ತದೆ. 16 ಬಿಟ್‌ನಲ್ಲಿ ಮೈನಸ್ 100 ಎಂದು ಬರೆದದ್ದನ್ನು ಧನ ಸಂಖ್ಯೆಯಾಗಿ ಓದಿದರೆ 65,436 ಆಗುತ್ತದೆ.

ಬ್ಯಾಟರಿ ಸಂಬಂಧಿ ಸಂದೇಶಗಳನ್ನು ಹಲವು ತಯಾರಕರು ತಮ್ಮದೇ ರೀತಿಯಲ್ಲಿ ರೂಪಿಸಿ, ಡಿಬಿಸಿ ಫೈಲ್ ಅನ್ನು ಗೋಪ್ಯವಾಗಿಡುತ್ತಾರೆ. ಆ ಫೈಲ್ ಸಿಗದಿದ್ದರೆ ರಿಪೇರಿಗೂ ಲೆಕ್ಕಕ್ಕೂ ತಯಾರಕರ ಮಾತನ್ನೇ ನಂಬಬೇಕು. ಆದ್ದರಿಂದ ಖರೀದಿ ಅಥವಾ ಗುತ್ತಿಗೆ ಒಪ್ಪಂದದಲ್ಲೇ ಅದನ್ನು ಕೇಳಿ ಪಡೆಯುವುದು ಒಳಿತು.

ಫೈಲ್ ಇಲ್ಲದಿದ್ದರೆ?

ವಾಹನ ನಿಂತಿರುವಾಗ ಬಾಗಿಲು ತೆರೆದು ಮುಚ್ಚಿ, ಯಾವ ಬಿಟ್ ಬದಲಾಯಿತು ಎಂದು ಗಮನಿಸಬಹುದು. ಓಡುವಾಗ ದಾಖಲಿಸಿದ ಸಂಖ್ಯೆಗಳನ್ನು ಜಿಪಿಎಸ್ ವೇಗದೊಂದಿಗೆ ಹೋಲಿಸಿ ಸ್ಕೇಲ್ ಕಂಡುಕೊಳ್ಳಬಹುದು. ಸಂದೇಶದ ಕ್ರಮಸಂಖ್ಯೆ ಮತ್ತು ತಪಾಸಣಾ ಸಂಖ್ಯೆಯ ಬೈಟ್‌ಗಳು ಸದಾ ಬದಲಾಗುತ್ತಿರುತ್ತವೆ. ಅವನ್ನು ಸಿಗ್ನಲ್ ಎಂದು ಭಾವಿಸಬಾರದು.

ಒಂದು ಎಚ್ಚರಿಕೆ: ಜಾಲವನ್ನು ಓದುವುದಕ್ಕಷ್ಟೇ ಸೀಮಿತವಾಗಿರಿ. ಓಡುವ ವಾಹನದ ಜಾಲಕ್ಕೆ ಹೊರಗಿನಿಂದ ಸಂದೇಶ ಕಳುಹಿಸಿದರೆ ಬ್ರೇಕ್, ಮೋಟಾರ್‌ನಂತಹ ವ್ಯವಸ್ಥೆಗಳಿಗೂ ಅಡ್ಡಿಯಾಗಬಹುದು.